ತಕ್ಕಡಿಯ ಪಕ್ಕದಲ್ಲಿ ನಮ್ಮವನೊಬ್ಬ: ಜಾನ್ ಮಿಚೆಲ್ ಬದುಕು

ಮ್ಯಾನೇಜ್‌ಮೆಂಟ್ ಪೇಪರ್‌ಗೆ ಓದುವಾಗ ನಾವೆಲ್ಲ ಒಂದು ಪ್ರಶ್ನೆಯನ್ನು ಬಾಯಿಪಾಠ ಮಾಡಿರ್ತೀವಿ. ಕನ್ಸಿಲಿಯೇಶನ್‌ಗೂ ಆರ್ಬಿಟ್ರೇಶನ್‌ಗೂ ಏನು ವ್ಯತ್ಯಾಸ? ಎರಡು ಸಾಲು ಬರೆದ್ರೆ ಮಾರ್ಕ್ಸ್ ಬರುತ್ತೆ, ಎಕ್ಸಾಮ್ ಹಾಲ್‌ನಿಂದ ಹೊರಗೆ ಬಂದ ಕೂಡಲೇ ಮರೆತೂ ಹೋಗುತ್ತೆ. ಆದರೆ ಆ ಎರಡು ಸಾಲಿನ ಹಿಂದೆ ಒಂದು ಲಕ್ಷಕ್ಕೂ ಹೆಚ್ಚು ಜನ ಐದು ತಿಂಗಳು ಸಂಬಳವಿಲ್ಲದೆ ಕೂತ ಕಥೆಯೊಂದಿದೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಆ ಕಥೆಯ ನಡುವೆ ನಿಂತವನು ಜಾನ್ ಮಿಚೆಲ್, ಅಮೆರಿಕದ ಕಲ್ಲಿದ್ದಲು ಕಾರ್ಮಿಕರ ನಾಯಕ. ಈ ಸಲ ಅವನ ಬದುಕನ್ನು ನಿಮ್ಮ ಮುಂದಿಡ್ತಾ ಇದ್ದೀವಿ.

ಗಣಿಗೆ ಇಳಿದ ಅನಾಥ ಹುಡುಗ

ಮಿಚೆಲ್ ಹುಟ್ಟಿದ್ದು 1870ರ ಫೆಬ್ರವರಿ 4ರಂದು, ಇಲಿನಾಯ್ ರಾಜ್ಯದ ಬ್ರೇಡ್‌ವುಡ್ ಎಂಬ ಕಲ್ಲಿದ್ದಲು ಊರಿನಲ್ಲಿ. ಮಾತು ಸರಿಯಾಗಿ ಬರುವ ಮೊದಲೇ ತಾಯಿ ತೀರಿಕೊಂಡಳು. ಆರು ವರ್ಷ ಆಗುವಷ್ಟರಲ್ಲಿ ಗಣಿ ಕೆಲಸಗಾರನಾಗಿದ್ದ ತಂದೆಯೂ ಹೋದ. ಸಾಕಿದ್ದು ಮಲತಾಯಿ. ಮನೆಯಲ್ಲಿ ಬಡತನ, ಊರಲ್ಲಿ ಗಣಿ ಬಿಟ್ಟರೆ ಬೇರೆ ದುಡಿಮೆ ಇಲ್ಲ. ಮೀಸೆ ಚಿಗುರುವ ಮೊದಲೇ ಹುಡುಗ ಗಣಿಗೆ ಇಳಿದ.

ಹದಿನೈದರ ವಯಸ್ಸಿಗೆ ನೈಟ್ಸ್ ಆಫ್ ಲೇಬರ್ ಎಂಬ ಕಾರ್ಮಿಕ ಸಂಘ ಸೇರಿದ. ಕೆಲಸ ಹುಡುಕಿಕೊಂಡು ಪಶ್ಚಿಮದ ರಾಜ್ಯಗಳವರೆಗೂ ಅಲೆದು ಇಲಿನಾಯ್‌ಗೆ ವಾಪಸ್ ಬಂದು ಸ್ಪ್ರಿಂಗ್ ವ್ಯಾಲಿಯಲ್ಲಿ ನೆಲೆಸಿದ. 1891ರಲ್ಲಿ ಅಲ್ಲೇ ಕೇಟ್ ಓ'ರೂರ್ಕ್‌ಳನ್ನು ಮದುವೆಯಾದ. ಸ್ಕೂಲ್ ಓದು ಕಮ್ಮಿ, ಆದರೆ ಓದುವ ಹುಚ್ಚು ಇತ್ತು. ದಿನವೆಲ್ಲ ಸುರಂಗದಲ್ಲಿ ದುಡಿದು ರಾತ್ರಿ ಪುಸ್ತಕ ಹಿಡಿದು ಕೂರುತ್ತಿದ್ದ.

1890ರಲ್ಲಿ ಯುನೈಟೆಡ್ ಮೈನ್ ವರ್ಕರ್ಸ್ ಎಂಬ ಹೊಸ ಯೂನಿಯನ್ ಹುಟ್ಟಿತು. ಆರಂಭದ ವರ್ಷಗಳಲ್ಲಿ ಅದರ ಕೈಯಲ್ಲಿ ದುಡ್ಡೂ ಇಲ್ಲ, ಜನವೂ ಇಲ್ಲ. 1897ರಲ್ಲಿ ಅದು ಮೆದು ಕಲ್ಲಿದ್ದಲು ಗಣಿಗಳಲ್ಲಿ ಮುಷ್ಕರಕ್ಕೆ ಕರೆ ಕೊಟ್ಟಾಗ ಸದಸ್ಯರು ಹತ್ತು ಸಾವಿರದ ಆಸುಪಾಸು ಅಷ್ಟೇ. ಆದರೆ ಕೆಲಸ ಬಿಟ್ಟು ಹೊರಬಂದವರು ಅದರ ಎಷ್ಟೋ ಪಟ್ಟು. ಮಿಚೆಲ್ ದಕ್ಷಿಣ ಇಲಿನಾಯ್‌ನ ಊರೂರು ತಿರುಗಿ ಜನರನ್ನು ಸೇರಿಸಿದ. ಮುಷ್ಕರ ಗೆದ್ದಿತು. 1898ರ ಜನವರಿಯಲ್ಲಿ ನಾಲ್ಕು ರಾಜ್ಯಗಳ ಮಾಲೀಕರು ಯೂನಿಯನ್ ಜೊತೆ ಕೂತು ಕೂಲಿ ಒಪ್ಪಂದ ಮಾಡಿಕೊಂಡರು, ದಿನಕ್ಕೆ ಎಂಟು ಗಂಟೆ ಕೆಲಸ ಅಂತಲೂ ಒಪ್ಪಿದರು. ಅದೇ ವರ್ಷ ಮಿಚೆಲ್ ಯೂನಿಯನ್‌ನ ಉಪಾಧ್ಯಕ್ಷನಾದ. ಕೆಲವೇ ತಿಂಗಳಲ್ಲಿ ಅಧ್ಯಕ್ಷ ರಾಜೀನಾಮೆ ಕೊಟ್ಟು ಹೋದಾಗ ಆ ಕುರ್ಚಿಯೂ ಅವನಿಗೇ ಬಂತು. ಆಗ ಅವನಿಗೆ 28 ವರ್ಷ. ನಮ್ಮಲ್ಲಿ ಎಂಟೆಕ್ ಮುಗಿಸಿ ಕೆಲಸಕ್ಕೆ ಸೇರಿ ಮೂರ್ನಾಲ್ಕು ವರ್ಷ ಆಗಿರುವವರ ವಯಸ್ಸು.

ಈ ಮೊದಲ ಒಪ್ಪಂದದಿಂದ ಅವನು ಕಲಿತ ಪಾಠ ಜೀವನಪೂರ್ತಿ ಉಳೀತು. ಮುಷ್ಕರ ಅನ್ನೋದು ಮಾಲೀಕನನ್ನು ಮೇಜಿನ ಮುಂದೆ ಕೂರಿಸುವ ದಾರಿ. ಮೇಜಿನ ಮುಂದೆ ಕೂತು ಕೊಟ್ಟ ಮಾತನ್ನು ಎರಡೂ ಕಡೆಯವರು ಉಳಿಸಿಕೊಳ್ಳಬೇಕು.

ಟನ್ ಅಂದ್ರೆ ಎಷ್ಟು?

ಮೆದು ಕಲ್ಲಿದ್ದಲಿನಲ್ಲಿ ಗೆದ್ದ ಯೂನಿಯನ್ ಮುಂದೆ ಇನ್ನೊಂದು ಕೋಟೆ ಇತ್ತು, ಆಂಥ್ರಸೈಟ್. ಇದು ಗಟ್ಟಿ ಕಲ್ಲಿದ್ದಲು, ಹೊಗೆ ಕಮ್ಮಿ, ಕಾವು ಜಾಸ್ತಿ. ನ್ಯೂಯಾರ್ಕ್, ಫಿಲಡೆಲ್ಫಿಯಾ, ಬಾಸ್ಟನ್ ಊರುಗಳ ಮನೆಗಳು ಚಳಿಗಾಲದಲ್ಲಿ ಇದರಿಂದಲೇ ಬೆಚ್ಚಗಿರುತ್ತಿದ್ದವು. ಅಮೆರಿಕದ ಆಂಥ್ರಸೈಟ್ ಹೆಚ್ಚುಕಡಿಮೆ ಪೂರ್ತಿ ಸಿಗುತ್ತಿದ್ದುದು ಪೆನ್ಸಿಲ್ವೇನಿಯಾ ರಾಜ್ಯದ ಈಶಾನ್ಯ ಮೂಲೆಯಲ್ಲಿ, ಸ್ಕ್ರಾಂಟನ್, ವಿಲ್ಕ್ಸ್-ಬ್ಯಾರಿ, ಹೇಝಲ್‌ಟನ್ ಸುತ್ತಮುತ್ತ. ಗಣಿಗಳ ಬಹುಪಾಲು ಕೆಲವೇ ರೈಲ್ವೆ ಕಂಪನಿಗಳ ಹಿಡಿತದಲ್ಲಿತ್ತು. ಅಗೆಯುವವರೂ ಅವರೇ, ಸಾಗಿಸುವವರೂ ಅವರೇ. ಆ ರೈಲ್ವೆಗಳ ಹಿಂದೆ ಬ್ಯಾಂಕರ್ ಜೆ. ಪಿ. ಮಾರ್ಗನ್‌ನ ಹಣ.

ಇಲ್ಲಿ ಕೂಲಿಯ ಜಗಳ ಅಂದ್ರೆ ಮೊದಲು ಅಳತೆಯ ಜಗಳ. ಕಾನೂನಿನ ಪ್ರಕಾರ ಟನ್ ಅಂದ್ರೆ 2,240 ಪೌಂಡ್. ಆದರೆ ಹಲವು ಗಣಿಗಳಲ್ಲಿ ಕೆಲಸಗಾರ 2,700ರಿಂದ 3,000 ಪೌಂಡ್ ತುಂಬಿದರೆ ಮಾತ್ರ ಅವನಿಗೆ ಒಂದು ಟನ್ ಲೆಕ್ಕ. ಕಲ್ಲು, ಪುಡಿ ಎಲ್ಲ ಕಳೆದು ಹೋಗುತ್ತಲ್ಲ, ಅದಕ್ಕೆ ಅಂತ ಕಂಪನಿಯ ವಾದ. ಸರಿ, ಒಪ್ಪೋಣ. ಆದರೆ ಅದಾದ ಮೇಲೂ ಬಂಡಿಯಲ್ಲಿ ಕಲ್ಲು ಕಂಡಿತು ಅಂತ ಕಂಪನಿಯ ಮನುಷ್ಯ ಮತ್ತೆ ಮುರಿದುಕೊಳ್ಳುತ್ತಿದ್ದ. ಒಂದೇ ಕಾರಣಕ್ಕೆ ಎರಡು ಸಲ ಕಡಿತ! ಇನ್ನು ಕೆಲವು ಕಡೆ ತೂಕವೇ ಇಲ್ಲ, ಬಂಡಿಗೆ ಇಷ್ಟು ಅಂತ ಕೂಲಿ. ಬಂಡಿಯ ಗಾತ್ರ ದೊಡ್ಡದಾದರೂ ಕೂಲಿ ಮಾತ್ರ ಹಾಗೇ ಇರುತ್ತಿತ್ತು. ಕಬ್ಬು ಬೆಳೆಯೋ ಊರಿಂದ ಬಂದ ನಮ್ಮ ಗೆಳೆಯರಿಗೆ ತೂಕದ ಜಗಳ ಅಂದ್ರೇನು ಅಂತ ಬಿಡಿಸಿ ಹೇಳ್ಬೇಕಿಲ್ಲ.

ಸಿಡಿಮದ್ದನ್ನು ಕೆಲಸಗಾರ ತನ್ನ ದುಡ್ಡಲ್ಲೇ ಕೊಳ್ಳಬೇಕು, ಅದೂ ಕಂಪನಿಯಿಂದಲೇ, ಪೀಪಾಯಿಗೆ 2.75 ಡಾಲರ್. ಹೊರಗೆ ಅದೇ ಮದ್ದು ಎಷ್ಟೋ ಅಗ್ಗ. ಅಗೆದ ಕಲ್ಲಿದ್ದಲನ್ನು ಒಡೆದು ಜರಡಿ ಹಿಡಿಯುವ ಎತ್ತರದ ಕಟ್ಟಡಕ್ಕೆ ಬ್ರೇಕರ್ ಅನ್ನುತ್ತಿದ್ದರು. ಅಲ್ಲಿ ಸಣ್ಣ ಸಣ್ಣ ಹುಡುಗರು ದೂಳಿನ ನಡುವೆ ಬಗ್ಗಿ ಕೂತು, ಕಾಲ ಕೆಳಗೆ ಹರಿಯುವ ಕಲ್ಲಿದ್ದಲಿನಿಂದ ಕಲ್ಲು ಆರಿಸುತ್ತಿದ್ದರು.

ಇವರನ್ನೆಲ್ಲ ಒಟ್ಟುಗೂಡಿಸೋದು ಆಗದ ಮಾತು ಅಂತ ಎಲ್ಲರೂ ತಿಳಿದಿದ್ದರು. ಇಂಗ್ಲಿಷರು, ವೆಲ್ಷ್‌ನವರು, ಐರಿಷ್‌ನವರು ಒಂದು ಕಡೆ. ಹೊಸದಾಗಿ ಬಂದ ಪೋಲೆಂಡ್‌ನವರು, ಸ್ಲೋವಾಕರು, ಲಿಥುವೇನಿಯಾದವರು, ಇಟಲಿಯವರು ಇನ್ನೊಂದು ಕಡೆ. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಇಲ್ಲ. 1897ರ ಸೆಪ್ಟೆಂಬರ್ 10ರಂದು ಲ್ಯಾಟಿಮರ್ ಎಂಬಲ್ಲಿ ಬರಿಗೈಯಲ್ಲಿ ಮೆರವಣಿಗೆ ಹೊರಟಿದ್ದ ಈ ಹೊಸಬರ ಮೇಲೆ ಶೆರಿಫ್‌ನ ಜನ ಗುಂಡು ಹಾರಿಸಿ 19 ಮಂದಿಯನ್ನು ಕೊಂದಿದ್ದರು.

ಮಿಚೆಲ್ ಅಲ್ಲಿಗೆ ಹೋದ. ಅಗೆದ ಕಲ್ಲಿದ್ದಲಿಗೆ ಜಾತಿ ದೇಶ ಇರೋದಿಲ್ಲ ಅನ್ನೋದೇ ಅವನ ಮಾತಿನ ತಿರುಳು. ಅಬ್ಬರದ ಭಾಷಣಗಾರ ಅವನಲ್ಲ. ಕುತ್ತಿಗೆವರೆಗೆ ಗುಂಡಿ ಹಾಕಿದ ಉದ್ದನೆಯ ಕಪ್ಪು ಕೋಟು ತೊಟ್ಟು, ಮೆಲ್ಲಗೆ, ಅಳೆದು ಮಾತಾಡುತ್ತಿದ್ದ. ನೋಡಿದವರಿಗೆ ಪಾದ್ರಿಯಂತೆ ಕಾಣುತ್ತಿದ್ದ. ಎಷ್ಟೋ ಮನೆಗಳಲ್ಲಿ ಸಂತರ ಪಟಗಳ ಪಕ್ಕದಲ್ಲೇ ಅವನ ಫೋಟೋ ನೇತಾಡತೊಡಗಿತು.

1900ರ ಸೆಪ್ಟೆಂಬರ್‌ನಲ್ಲಿ ಮೊದಲ ಮುಷ್ಕರ. ಅಧ್ಯಕ್ಷೀಯ ಚುನಾವಣೆ ಹತ್ತಿರ ಇತ್ತು. ಮೆಕಿನ್ಲಿಯ ಪ್ರಚಾರದ ಹೊಣೆ ಹೊತ್ತಿದ್ದ ಸೆನೆಟರ್ ಮಾರ್ಕ್ ಹ್ಯಾನ್ನಾಗೆ ಈ ಗಲಾಟೆ ಬೇಕಿರಲಿಲ್ಲ, ಮಾಲೀಕರ ಮೇಲೆ ಒತ್ತಡ ಹಾಕಿದ. ಕೂಲಿ 10% ಏರಿತು. ಆದರೆ ಮದ್ದಿನ ಬೆಲೆ ಇಳಿಸಿದ್ದನ್ನೂ ಈ ಏರಿಕೆಯಲ್ಲೇ ಲೆಕ್ಕ ಹಿಡಿದರು. ಯೂನಿಯನ್ ಜೊತೆ ಸಹಿ ಇಲ್ಲ, ಮಾತುಕತೆ ಇಲ್ಲ, ಗಣಿಯ ಬಾಗಿಲಿಗೆ ನೋಟಿಸ್ ಅಂಟಿಸಿದರು ಅಷ್ಟೇ. ಆದರೂ ಮುಷ್ಕರ ಮುಗಿದ ಅಕ್ಟೋಬರ್ 29 ಆ ಊರುಗಳಲ್ಲಿ ಮಿಚೆಲ್ ದಿನ ಅಂತ ಹಬ್ಬವಾಯಿತು.

163 ದಿನ

1902ಕ್ಕೆ ಜಗಳ ಮತ್ತೆ ಮೇಲೆದ್ದಿತು. ಈ ಸಲ ಕೇಳಿದ್ದು ನಾಲ್ಕು: 20% ಹೆಚ್ಚು ಕೂಲಿ, ದಿನಗೂಲಿಯವರಿಗೆ ಎಂಟು ಗಂಟೆ ಕೆಲಸ, 2,240 ಪೌಂಡಿನ ನ್ಯಾಯವಾದ ಟನ್, ಯೂನಿಯನ್‌ಗೆ ಮಾನ್ಯತೆ. ಮಿಚೆಲ್‌ಗೆ ಮುಷ್ಕರದ ಆತುರ ಇರಲಿಲ್ಲ. ಬೇಡಿಕೆ ಕಡಿಮೆ ಮಾಡ್ತೀವಿ ಅಂದ, ಮೂರನೆಯವರು ಯಾರಾದರೂ ತೀರ್ಪು ಹೇಳಲಿ ಅಂದ, ಬೇಕಾದರೆ ಬಿಷಪ್‌ಗಳೇ ಹೇಳಲಿ ಅಂದ. ಮಾಲೀಕರು ಯಾವುದಕ್ಕೂ ಒಪ್ಪಲಿಲ್ಲ. ಮೇ 12ರಂದು ಒಂದು ಲಕ್ಷದ ನಲವತ್ತು ಸಾವಿರಕ್ಕೂ ಹೆಚ್ಚು ಜನ ಕೆಲಸ ನಿಲ್ಲಿಸಿದರು. ಜೂನ್ 2ರಿಂದ ಪಂಪ್ ನಡೆಸುವವರನ್ನೂ ಬಾಯ್ಲರ್ ಕಾಯುವವರನ್ನೂ ಹೊರಗೆ ಕರೆದರು. ಪಂಪ್ ನಿಂತರೆ ಗಣಿಯೊಳಗೆ ನೀರು ತುಂಬುತ್ತೆ, ಅದನ್ನು ಮತ್ತೆ ಖಾಲಿ ಮಾಡಲು ತಿಂಗಳುಗಟ್ಟಲೆ ಬೇಕು. ಜಗಳ ಎಷ್ಟು ಬಿಗಿಯಾಗಿತ್ತು ಅನ್ನೋದಕ್ಕೆ ಇಷ್ಟು ಸಾಕು.

ಜುಲೈನಲ್ಲಿ ಅವನಿಗೆ ನಿಜವಾದ ಪರೀಕ್ಷೆ ಬಂತು. ಮೆದು ಕಲ್ಲಿದ್ದಲಿನ ಕಾರ್ಮಿಕರೂ ಜೊತೆಗೆ ಮುಷ್ಕರ ಹೂಡಿದರೆ ದೇಶವೇ ನಿಲ್ಲುತ್ತೆ, ಮಾಲೀಕರು ವಾರದಲ್ಲಿ ಬಗ್ಗುತ್ತಾರೆ ಅನ್ನುವ ಕೂಗು ಎದ್ದಿತು. ಇಂಡಿಯಾನಾಪೊಲಿಸ್‌ನಲ್ಲಿ ವಿಶೇಷ ಸಮ್ಮೇಳನ ಸೇರಿತು. ಮಿಚೆಲ್ ಬೇಡ ಅಂದ. ಅವರು ತಮ್ಮ ಮಾಲೀಕರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದರು, ಅದರ ಅವಧಿ ಇನ್ನೂ ಮುಗಿದಿರಲಿಲ್ಲ. ನಾವೇ ಒಪ್ಪಂದ ಮುರಿದರೆ ನಾಳೆ ಯಾವ ಮುಖ ಇಟ್ಕೊಂಡು ಇನ್ನೊಂದು ಒಪ್ಪಂದ ಕೇಳೋದು ಅನ್ನೋದು ಅವನ ವಾದ. ಸಮ್ಮೇಳನ ಅವನ ಮಾತಿಗೆ ಒಪ್ಪಿತು. ಮುಷ್ಕರದ ಬದಲು, ಕೆಲಸದಲ್ಲಿರುವವರು ತಮ್ಮ ಕೂಲಿಯಿಂದ ವಾರ ವಾರ ಹಣ ಮುರಿದು ಆಂಥ್ರಸೈಟ್‌ನವರಿಗೆ ಕಳಿಸೋದು ಅಂತಾಯ್ತು. ಹಸಿದ ಜನರ ಮುಂದೆ ನಿಂತು ಈ ಮಾತು ಹೇಳೋಕೆ ಎಂಥ ಗಟ್ಟಿ ಎದೆ ಬೇಕು ಅಂತ ನಾವು ಬಹಳ ಸಲ ಯೋಚಿಸಿದ್ದೀವಿ.

ಎದುರಿಗಿದ್ದವನು ರೀಡಿಂಗ್ ರೈಲ್ವೆಯ ಅಧ್ಯಕ್ಷ ಜಾರ್ಜ್ ಬೇರ್. ಕಾರ್ಮಿಕರ ಹಿತ ನೋಡಿಕೊಳ್ಳೋದು ಚಳವಳಿಗಾರರ ಕೆಲಸವಲ್ಲ, ದೇವರೇ ಆಸ್ತಿಯನ್ನು ಒಪ್ಪಿಸಿರುವ ಕ್ರೈಸ್ತ ಮಾಲೀಕರ ಕೆಲಸ ಅನ್ನುವ ಅರ್ಥದ ಪತ್ರ ಬರೆದ. ಅದು ಪೇಪರ್‌ಗಳಲ್ಲಿ ಅಚ್ಚಾದಾಗ, ಅಲ್ಲಿಯವರೆಗೆ ಸುಮ್ಮನಿದ್ದ ಜನರೂ ಕಾರ್ಮಿಕರ ಕಡೆ ವಾಲಿದರು. ಅತ್ತ ನ್ಯೂಯಾರ್ಕ್‌ನಲ್ಲಿ ಟನ್‌ಗೆ ಐದಾರು ಡಾಲರ್‌ಗೆ ಸಿಗುತ್ತಿದ್ದ ಕಲ್ಲಿದ್ದಲು ಇಪ್ಪತ್ತು ದಾಟಿತು. ಚಳಿಗಾಲ ಹತ್ತಿರ ಬರುತ್ತಿತ್ತು.

ಗಾಲಿಕುರ್ಚಿಯ ಅಧ್ಯಕ್ಷ

ದೇಶದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೆ ಸೆಪ್ಟೆಂಬರ್‌ನಲ್ಲಿ ಸಾರೋಟು ಅಪಘಾತವಾಗಿ ಕಾಲಿಗೆ ಪೆಟ್ಟಾಗಿತ್ತು. ಅಕ್ಟೋಬರ್ 3ರಂದು ಆತ ಗಾಲಿಕುರ್ಚಿಯಲ್ಲಿ ಕೂತೇ ಎರಡೂ ಕಡೆಯವರನ್ನು ವಾಷಿಂಗ್ಟನ್‌ಗೆ ಕರೆಸಿದ. ಮಧ್ಯೆ ಬರಲು ತನಗೆ ಕಾನೂನಿನ ಅಧಿಕಾರ ಇಲ್ಲ ಅಂತ ಅವನಿಗೂ ಗೊತ್ತಿತ್ತು. ಮಿಚೆಲ್ ನೇರವಾಗಿ ಹೇಳಿದ: ಅಧ್ಯಕ್ಷರೇ ಒಂದು ಮಂಡಳಿ ನೇಮಿಸಲಿ, ಅದು ಏನೇ ತೀರ್ಪು ಕೊಟ್ಟರೂ ನಾವು ತಲೆಬಾಗ್ತೀವಿ. ಮಾಲೀಕರು ಅವನ ಮುಖ ನೋಡಿ ಮಾತಾಡಲೂ ಒಪ್ಪಲಿಲ್ಲ. ಸೈನ್ಯ ಕಳಿಸಿ, ಕೆಲಸಕ್ಕೆ ಬರುವವರಿಗೆ ರಕ್ಷಣೆ ಕೊಡಿ, ಅಷ್ಟು ಸಾಕು ಅಂದರು. ಅವರ ಬೈಗುಳಕ್ಕೆಲ್ಲ ಮಿಚೆಲ್ ದನಿ ಎತ್ತದೆ ಉತ್ತರ ಕೊಟ್ಟ. ಆ ಕೋಣೆಯಲ್ಲಿ ಸಭ್ಯನಂತೆ ನಡೆದುಕೊಂಡವನು ಅವನೇ ಅಂತ ರೂಸ್‌ವೆಲ್ಟ್‌ಗೆ ಅನ್ನಿಸಿತು. ಸಭೆ ಮುರಿದುಬಿತ್ತು.

ಪೆನ್ಸಿಲ್ವೇನಿಯಾದ ಗವರ್ನರ್ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯನ್ನು ಪೂರ್ತಿ ಗಣಿ ಊರುಗಳಿಗೆ ಇಳಿಸಿದ. ರಕ್ಷಣೆ ಸಿಕ್ಕರೆ ಜನ ಓಡಿಬರುತ್ತಾರೆ ಅಂತ ಮಾಲೀಕರು ಹೇಳುತ್ತಿದ್ದರಲ್ಲ, ಬಂದೂಕಿನ ಕಾವಲು ಬಂದರೂ ಕೆಲಸಗಾರರು ಬರಲಿಲ್ಲ. ಅಲ್ಲಿಗೆ ಆ ವಾದ ಮುಗಿಯಿತು. ರೂಸ್‌ವೆಲ್ಟ್ ಸೈನ್ಯವನ್ನೇ ಬಳಸಿ ಗಣಿಗಳನ್ನು ಸರಕಾರದ ಪರವಾಗಿ ನಡೆಸುವ ಯೋಚನೆ ಮಾಡಿದ. ಯುದ್ಧ ಇಲಾಖೆಯ ಕಾರ್ಯದರ್ಶಿ ಎಲಿಹು ರೂಟ್ ಹೋಗಿ ಮಾರ್ಗನ್‌ನನ್ನು ಅವನ ವಿಹಾರ ಹಡಗಿನಲ್ಲಿ ಭೇಟಿಯಾದ. ಕೊನೆಗೆ ಮಾಲೀಕರು ಆಯೋಗಕ್ಕೆ ಒಪ್ಪಿದರು. ಆದರೆ ಅದರಲ್ಲಿ ಎಂಥೆಂಥವರು ಇರಬೇಕು ಅಂತ ಪಟ್ಟಿ ಕೊಟ್ಟರು: ಸೈನ್ಯದ ಎಂಜಿನಿಯರ್, ಗಣಿ ಎಂಜಿನಿಯರ್, ನ್ಯಾಯಾಧೀಶ, ಕಲ್ಲಿದ್ದಲು ವ್ಯವಹಾರ ಬಲ್ಲವನು, ಹೆಸರಾಂತ ಸಮಾಜಶಾಸ್ತ್ರಜ್ಞ. ಯೂನಿಯನ್ ಮನುಷ್ಯನಿಗೆ ಜಾಗವೇ ಇಲ್ಲ! ರೂಸ್‌ವೆಲ್ಟ್ ನಗುತ್ತಲೇ ದಾರಿ ಹುಡುಕಿದ. ರೈಲ್ವೆ ಕಂಡಕ್ಟರುಗಳ ಸಂಘದ ಮುಖ್ಯಸ್ಥ ಇ. ಇ. ಕ್ಲಾರ್ಕ್‌ನನ್ನು ಸಮಾಜಶಾಸ್ತ್ರಜ್ಞನ ಕುರ್ಚಿಯಲ್ಲಿ ಕೂರಿಸಿಬಿಟ್ಟ. ಜೊತೆಗೆ ಕ್ಯಾಥೊಲಿಕ್ ಬಿಷಪ್ ಸ್ಪಾಲ್ಡಿಂಗ್‌ನನ್ನೂ ಸೇರಿಸಿದ. ಹೆಸರು ಬೇರೆ ಆದರೆ ಮಾಲೀಕರಿಗೆ ತಕರಾರಿಲ್ಲ ಅನ್ನೋದು ಅವನಿಗೆ ತಮಾಷೆಯಾಗಿ ಕಂಡಿತ್ತು.

ಅಕ್ಟೋಬರ್ 23ರಂದು ಜನ ಕೆಲಸಕ್ಕೆ ಮರಳಿದರು. ಅಷ್ಟರಲ್ಲಿ 163 ದಿನ ಕಳೆದಿತ್ತು.

ತೀರ್ಪಿನಲ್ಲಿ ಏನಿತ್ತು?

ಆಯೋಗ ಸ್ಕ್ರಾಂಟನ್‌ನಲ್ಲೂ ಫಿಲಡೆಲ್ಫಿಯಾದಲ್ಲೂ ಕೂತು 558 ಸಾಕ್ಷಿಗಳ ಮಾತು ಕೇಳಿತು. ದಾಖಲೆ 10,000 ಪುಟ ದಾಟಿತು. ಕಾರ್ಮಿಕರ ಪರ ವಕೀಲ ಕ್ಲಾರೆನ್ಸ್ ಡ್ಯಾರೋ. ಕೈಕಾಲು ಕಳೆದುಕೊಂಡವರು ಬಂದರು, ಗಂಡನನ್ನು ಕಳೆದುಕೊಂಡವರು ಬಂದರು. ಹನ್ನೆರಡು ವರ್ಷದ ಬ್ರೇಕರ್ ಹುಡುಗನೊಬ್ಬ ಬಂದ. ಅವನಪ್ಪ ಗಣಿಯಲ್ಲಿ ಸತ್ತಿದ್ದ. ಸತ್ತ ಅಪ್ಪನ ಲೆಕ್ಕದಲ್ಲಿದ್ದ ಸಾಲಕ್ಕೆ ಕಂಪನಿ ಈ ಹುಡುಗನ ಸಂಬಳ ಮುರಿದುಕೊಳ್ಳುತ್ತಿತ್ತು. ಕೇಳಿದವರು ಬೆಚ್ಚಿದರು.

1903ರ ಮಾರ್ಚ್‌ನಲ್ಲಿ ತೀರ್ಪು ಬಂತು. ಕೂಲಿ 10% ಏರಿಕೆ, ಅಂದ್ರೆ ಕೇಳಿದ್ದರಲ್ಲಿ ಅರ್ಧ. ಅದೂ ಹಿಂದಿನ ನವೆಂಬರ್‌ನಿಂದಲೇ ಜಾರಿ. ಹತ್ತು ಗಂಟೆ ದುಡಿಯುತ್ತಿದ್ದ ದಿನಗೂಲಿಯವರಲ್ಲಿ ಬಹುಪಾಲು ಜನಕ್ಕೆ ಒಂಬತ್ತು ಗಂಟೆ, ನೀರೆತ್ತುವ ಎಂಜಿನ್ ನಡೆಸುವಂಥ ಕೆಲವರಿಗೆ ಎಂಟು ಗಂಟೆ. ಯೂನಿಯನ್ ಸೇರಿದವನಿಗೂ ಸೇರದವನಿಗೂ ಭೇದ ಮಾಡುವಂತಿಲ್ಲ.

ಇದರಲ್ಲೊಂದು ಫಾರ್ಮುಲಾ ಕೂಡ ಇತ್ತು, ನಮ್ಮಂಥವರಿಗೆ ಇಷ್ಟವಾಗುವಂಥದ್ದು. ನ್ಯೂಯಾರ್ಕ್ ಬಂದರಿನಲ್ಲಿ ಕಲ್ಲಿದ್ದಲಿನ ಬೆಲೆ ಟನ್‌ಗೆ 4.50 ಡಾಲರ್ ಮೀರಿದರೆ, ಹೆಚ್ಚಾದ ಪ್ರತಿ 5 ಸೆಂಟ್‌ಗೆ ಕೂಲಿ 1% ಏರಬೇಕು. ಬೆಲೆ ಇಳಿದರೆ ಈ ಹೆಚ್ಚುವರಿ ಇಳಿಯಬಹುದು, ಆದರೆ ತೀರ್ಪು ಕೊಟ್ಟ ಮೂಲ ಕೂಲಿಗಿಂತ ಕೆಳಗೆ ಹೋಗುವಂತಿಲ್ಲ. ಕನಿಷ್ಠ ಮಿತಿ ಇರುವ ಲೀನಿಯರ್ ಫಂಕ್ಷನ್, ಅಷ್ಟೇ. ಲಾಭ ಬಂದಾಗ ಅದರ ತುಣುಕು ಅಗೆದವನಿಗೂ ಸೇರಲಿ ಅಂತ.

ನಮಗೆ ಇದಕ್ಕಿಂತ ದೊಡ್ಡದಾಗಿ ಕಂಡಿದ್ದು ಇನ್ನೆರಡು ಸಣ್ಣ ಸಾಲುಗಳು. ಒಂದು, ಗಣಿಯ ಬಹುಮತದ ಕೆಲಸಗಾರರು ಕೇಳಿದರೆ ತೂಕದ ಕಟ್ಟೆಯ ಹತ್ತಿರ ಅವರದೇ ಮನುಷ್ಯನೊಬ್ಬ ನಿಂತು ತೂಕ, ಕಡಿತ ಎಲ್ಲ ಪರಿಶೀಲಿಸಬಹುದು, ಅವನ ಸಂಬಳ ಕೆಲಸಗಾರರದೇ. ಎಲ್ಲ ಗಣಿಗಳಲ್ಲೂ 2,240 ಪೌಂಡಿನ ಟನ್ ಆಗಲೇಬೇಕು ಅಂತ ಆಯೋಗ ಹೇಳಲಿಲ್ಲ, ನಿಜ. ಆದರೆ ಅಲ್ಲಿಯವರೆಗೆ ಕಂಪನಿಯವನ ಕಣ್ಣು ಮಾತ್ರ ನೋಡುತ್ತಿದ್ದ ಮುಳ್ಳನ್ನು ಈಗ ಇನ್ನೊಂದು ಜೊತೆ ಕಣ್ಣೂ ನೋಡುವಂತಾಯಿತು. ಎರಡು, ಮುಂದೆ ಜಗಳ ಬಂದರೆ ಬಗೆಹರಿಸಲು ಆರು ಜನರ ಸಂಧಾನ ಮಂಡಳಿ, ಮೂವರು ಮಾಲೀಕರ ಕಡೆ, ಮೂವರು ಕಾರ್ಮಿಕರ ಕಡೆ. ಅವರಿಗೆ ಒಮ್ಮತ ಬಾರದಿದ್ದರೆ ನ್ಯಾಯಾಧೀಶರು ನೇಮಿಸಿದ ಪಂಚನ ಮಾತೇ ಕೊನೆ. ಕನ್ಸಿಲಿಯೇಶನ್ ಮೊದಲು, ಆರ್ಬಿಟ್ರೇಶನ್ ಆಮೇಲೆ. ನಮ್ಮ ಎರಡು ಸಾಲಿನ ಉತ್ತರ ಇದೇ ಅಲ್ವಾ?

ಸಿಗದೇ ಹೋದದ್ದು ಯೂನಿಯನ್‌ಗೆ ಅಧಿಕೃತ ಮಾನ್ಯತೆ. ಮಿಚೆಲ್ ಆ ಪದದ ಮೇಲೆ ಹಟ ಹಿಡಿಯಲಿಲ್ಲ. ಆ ಪದ ಬೇಕೇ ಬೇಕು ಅಂದಿದ್ದರೆ ಆಯೋಗವೇ ಆಗುತ್ತಿರಲಿಲ್ಲವೇನೋ. ಆದರೆ ಆರರಲ್ಲಿ ಮೂರು ಕುರ್ಚಿ ಕಾರ್ಮಿಕ ಸಂಘಟನೆಯವರಿಗೆ ಅಂತಾದ ಮೇಲೆ ಮಾನ್ಯತೆ ಹಿಂಬಾಗಿಲಿಂದ ಬಂದ ಹಾಗೇ ಆಯಿತು. ಹಿಂದೆ 1894ರ ಪುಲ್‌ಮನ್ ಮುಷ್ಕರಕ್ಕೆ ಇದೇ ಸರಕಾರ ಸೈನ್ಯ ಕಳಿಸಿ ಕಾರ್ಮಿಕರನ್ನು ಬಗ್ಗುಬಡಿದಿತ್ತು. ಈಗ ಮೊದಲ ಸಲ ನಡುವೆ ನಿಂತು ಇಬ್ಬರ ಮಾತನ್ನೂ ಕೇಳಿತ್ತು.

ಆಮೇಲೆ

ಇಲ್ಲಿಗೆ ಮುಗಿಸಿದರೆ ಕಥೆ ಚಂದ. ಆದರೆ ಬದುಕು ಹಾಗಿರಲಿಲ್ಲ. ಮಿಚೆಲ್ ದೊಡ್ಡ ಉದ್ಯಮಿಗಳ ಜೊತೆ ಓಡಾಡತೊಡಗಿದ. ಉದ್ಯಮಿಗಳೂ ಯೂನಿಯನ್ ನಾಯಕರೂ ಒಟ್ಟಿಗಿದ್ದ ನ್ಯಾಷನಲ್ ಸಿವಿಕ್ ಫೆಡರೇಶನ್‌ನಲ್ಲಿ ಅವನದು ಮುಖ್ಯ ಹೆಸರು. ಇವನು ಮಾಲೀಕರಿಗೆ ತೀರಾ ಹತ್ತಿರ ಆಗಿಬಿಟ್ಟ ಅಂತ ಯೂನಿಯನ್‌ನಲ್ಲಿ ಗೊಣಗಾಟ ಶುರುವಾಯಿತು. ಆರೋಗ್ಯವೂ ಕೆಟ್ಟಿತು. 1908ರಲ್ಲಿ ಅಧ್ಯಕ್ಷಗಿರಿ ಬಿಟ್ಟು ಆ ಫೆಡರೇಶನ್‌ನಲ್ಲೇ ಸಂಬಳದ ಕೆಲಸಕ್ಕೆ ಸೇರಿದ. 1911ರಲ್ಲಿ ಯೂನಿಯನ್ ಖಡಾಖಂಡಿತವಾಗಿ ಹೇಳಿತು: ಅದು ಬೇಕೋ, ನಾವು ಬೇಕೋ? ಮಿಚೆಲ್ ಕೆಲಸ ಬಿಟ್ಟ, ಯೂನಿಯನ್ ಸದಸ್ಯತ್ವ ಉಳಿಸಿಕೊಂಡ.

ಅದೇ ಕಾಲದಲ್ಲಿ ಒಂದು ಸ್ಟವ್ ಕಂಪನಿಯ ಬಹಿಷ್ಕಾರದ ಪ್ರಕರಣದಲ್ಲಿ ಕೋರ್ಟಿನ ಆಜ್ಞೆ ಮೀರಿದ ಅಂತ ಅವನಿಗೆ ಒಂಬತ್ತು ತಿಂಗಳ ಜೈಲು ಶಿಕ್ಷೆಯೂ ಆಗಿತ್ತು. 1911ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಅಂದ್ರೆ ಮಾಲೀಕರ ಗೆಳೆಯ ಅಂತ ಒಂದು ಕಡೆ ಬೈಗುಳ, ಕಾನೂನು ಮುರಿದವನು ಅಂತ ಇನ್ನೊಂದು ಕಡೆ ಶಿಕ್ಷೆ. ಕೊನೆಯ ವರ್ಷಗಳಲ್ಲಿ ನ್ಯೂಯಾರ್ಕ್ ರಾಜ್ಯದ ಕೈಗಾರಿಕಾ ಆಯೋಗದ ಅಧ್ಯಕ್ಷನಾಗಿದ್ದ. ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡಿಸುವುದು ಆ ಆಯೋಗದ ಹೊಣೆಗಳಲ್ಲಿ ಒಂದು. 1919ರ ಸೆಪ್ಟೆಂಬರ್ 9ರಂದು ನ್ಯುಮೋನಿಯಾದಿಂದ ತೀರಿಕೊಂಡ. ವಯಸ್ಸು ಇನ್ನೂ 49.

ಸತ್ತ ಮೇಲೆ ಆಸ್ತಿಯ ಲೆಕ್ಕ ತೆಗೆದಾಗ ಸುಮಾರು ಎರಡೂವರೆ ಲಕ್ಷ ಡಾಲರ್ ಇತ್ತು. ಕಲ್ಲಿದ್ದಲು ಕಂಪನಿಗಳ, ರೈಲ್ವೆಗಳ ಷೇರುಗಳೂ ಅದರಲ್ಲಿದ್ದವು. ಓದಿದಾಗ ನಮಗೂ ಚುಚ್ಚಿತು. ಇವನ ಬಗ್ಗೆ ಬರೆಯೋದಾ ಬೇಡವಾ ಅಂತ ನಮ್ಮೊಳಗೇ ವಾದ ಆಯಿತು. ಕೊನೆಗೆ ಬರೆಯೋಣ ಅಂದುಕೊಂಡಿದ್ದಕ್ಕೆ ಕಾರಣ ಇದೆ. ಸ್ಕ್ರಾಂಟನ್‌ನ ಜನ ಅವನನ್ನು ತಮ್ಮೂರಲ್ಲೇ ಮಣ್ಣು ಮಾಡಿದರು. 1924ರಲ್ಲಿ ಅಲ್ಲಿನ ಕೋರ್ಟಿನ ಆವರಣದಲ್ಲಿ ಅವನ ಪ್ರತಿಮೆ ನಿಲ್ಲಿಸಿದರು. ಆ ತೀರ್ಪಿನಿಂದ ಬದುಕು ಬದಲಾದವರು ಅವರೇ. ಅವನಲ್ಲಿ ನೆನಪಿಡಬೇಕಾದ್ದು ಯಾವುದು ಅಂತ ಅವರು ಆರಿಸಿಕೊಂಡಿದ್ದರು. ಅವನ ತಪ್ಪುಗಳನ್ನು ನಾವು ಮುಚ್ಚಿಡಬೇಕಿಲ್ಲ, ಅದಕ್ಕೋಸ್ಕರ ಆ 163 ದಿನಗಳನ್ನು ಅಳಿಸಬೇಕಾಗಿಯೂ ಇಲ್ಲ.

ಇನ್ನೆರಡು ವರ್ಷಕ್ಕೆ ನಾವೂ ಎಲ್ಲೋ ಒಂದು ಕಡೆ ಕೆಲಸಕ್ಕೆ ಸೇರಿರ್ತೀವಿ. ಕೆಲವರು ಅಳೆಸಿಕೊಳ್ಳುವ ಕಡೆ ಇರ್ತೀವಿ. ಗಂಟೆ ಲೆಕ್ಕ ಹಾಕೋ ಸಾಫ್ಟ್‌ವೇರ್ ಬರೆಯೋರು, ಡೆಲಿವರಿ ಹುಡುಗರ ದೂರ ಅಳೆಯೋ ಆ್ಯಪ್ ಮಾಡೋರು, ತೂಕದ ಸೆನ್ಸರ್ ಕ್ಯಾಲಿಬ್ರೇಟ್ ಮಾಡೋರೂ ನಮ್ಮಲ್ಲೇ ಇರ್ತಾರೆ. ಅಂದ್ರೆ ತಕ್ಕಡಿ ನಮ್ಮ ಕೈಗೇ ಬರುತ್ತೆ. ಆ ದಿನ ಯಾರಾದರೂ ಬಂದು, ನಿಮ್ಮ ಲೆಕ್ಕ ಹೇಗೆ ಬಂತು, ನಮ್ಮವನೊಬ್ಬ ಪಕ್ಕದಲ್ಲಿ ನಿಂತು ನೋಡಬಹುದಾ ಅಂತ ಕೇಳಿದರೆ, ಸ್ವಲ್ಪ ಸರಿದು ಜಾಗ ಬಿಡೋಣ.